ಕಾಲ್ನಡಿಗೆಯಲ್ಲಿ ಕಂಡ ಯೂರೋಪು

1933ರ ಡಿಸೆಂಬರಿನಲ್ಲಿ ಪ್ಯಾಟ್ರಿಕ್ ಲೀ ಫರ್ಮರ್ ಎಂಬ ಹದಿನೆಂಟರ ಇಂಗ್ಲಿಷ್ ಹುಡುಗ ಲಂಡನ್ನಿನಲ್ಲಿ ಹಡಗು ಹತ್ತಿದ. ಹಾಲೆಂಡಿನಲ್ಲಿ ಇಳಿದು, ಅಲ್ಲಿಂದ ಕಾನ್‌ಸ್ಟಾಂಟಿನೋಪಲ್‌ವರೆಗೆ ನಡೆದೇ ಹೋಗುವುದು ಅವನ ಸಂಕಲ್ಪ. ಬೆನ್ನಚೀಲದಲ್ಲಿ ಒಂದಷ್ಟು ಬಟ್ಟೆ, ಒಂದು ಇಂಗ್ಲಿಷ್ ಕವನ ಸಂಕಲನ, ಹೊರೇಸನ ಕಾವ್ಯದ ಒಂದು ಸಂಪುಟ. ಖರ್ಚಿಗೆ ವಾರಕ್ಕೊಂದು ಪೌಂಡು. ಅದೂ ದಾರಿಯ ಊರುಗಳಿಗೆ ಅಂಚೆಯಲ್ಲಿ ಬಂದು ಸೇರಬೇಕು. ಆ ನಡಿಗೆಯ ಕಥೆಯನ್ನು ಅವನು ಪುಸ್ತಕವಾಗಿ ಬರೆದದ್ದು ನಾಲ್ಕು ದಶಕ ಕಳೆದ ಮೇಲೆ. ‘ಎ ಟೈಮ್ ಆಫ್ ಗಿಫ್ಟ್ಸ್’ 1977ರಲ್ಲಿಯೂ ಅದರ ಮುಂದಿನ ಭಾಗ 1986ರಲ್ಲಿಯೂ ಹೊರಬಂದವು. ಹುಡುಗ ಕಂಡದ್ದನ್ನು ಅರವತ್ತು ದಾಟಿದವನು ಬರೆದ. ಈ ಪುಸ್ತಕಗಳ ಬೆಲೆಯೆಲ್ಲ ಇರುವುದು ಇದರಲ್ಲೇ.

ಮೊದಲು ಸಿಕ್ಕ ನಗರ ರಾಟರ್‌ಡ್ಯಾಮ್. ಇನ್ನೂ ಬೆಳಕು ಹರಿದಿರಲಿಲ್ಲ, ಹಿಮ ಸುರಿಯುತ್ತಿತ್ತು. ಬಾಗಿಲು ತೆರೆದಿದ್ದ ಒಂದು ಹೋಟೆಲಿನಲ್ಲಿ ಅವನು ಮೊಟ್ಟೆ, ಕಾಫಿಯ ತಿಂಡಿ ಮುಗಿಸಿದ. ಎಲ್ಲಿಯವರೆಗೆ ನಡೆಯುತ್ತಾನೆಂದು ತಿಳಿದ ಮಾಲೀಕ ಸಣ್ಣ ಲೋಟಗಳಿಗೆ ಮದ್ಯ ಸುರಿದು ಶುಭ ಕೋರಿದ. ಅವನು ನಡೆದ ಆ ಹಳೆಯ ಬೀದಿಗಳು 1940ರ ಮೇ 14ರ ಜರ್ಮನ್ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ಬರೆಯಲು ಕೂತ ಲೇಖಕನಿಗೆ ಇದು ಗೊತ್ತಿತ್ತು, ಹಿಮದಲ್ಲಿ ನಡೆಯುತ್ತಿದ್ದ ಹುಡುಗನಿಗೆ ಗೊತ್ತಿರಲಿಲ್ಲ. ಓದುಗನಿಗೆ ಎರಡು ಕಣ್ಣಿನ ನೋಟವೂ ಒಟ್ಟಿಗೇ ಸಿಗುತ್ತದೆ.

ಜರ್ಮನಿಯಲ್ಲಿ ಆಗಷ್ಟೇ ನಾಜಿಗಳು ಅಧಿಕಾರ ಹಿಡಿದಿದ್ದರು. ಆದರೂ ಬಡ ಪಾದಚಾರಿಗೆ ಆಸರೆ ಕೊಡುವ ಹಳೆಯ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಉಳಿದಿತ್ತು. ಊರಿನ ಮೇಯರ್ ಬರೆದುಕೊಟ್ಟ ಚೀಟಿ ತೋರಿಸಿದರೆ ಛತ್ರದಂಥ ಮನೆಯಲ್ಲಿ ಊಟ, ಒಂದು ಲೋಟ ಬಿಯರ್, ಹಾಸಿಗೆ, ಬೆಳಿಗ್ಗೆ ಬ್ರೆಡ್ಡು ಕಾಫಿ. ಮ್ಯೂನಿಕ್ ಮಾತ್ರ ಅವನಿಗೆ ಹಿಡಿಸಲಿಲ್ಲ. ಅಲ್ಲಿನ ದೊಡ್ಡ ಬಿಯರ್ ಮನೆಯಲ್ಲಿ ಕುಡಿದು ಮೈಮರೆತ ಮರುದಿನ, ಇಳಿದುಕೊಂಡಿದ್ದ ಯುವಕರ ವಸತಿಗೃಹದಿಂದ ಚೀಲವೇ ಕಳುವಾಗಿತ್ತು. ಪಾಸ್‌ಪೋರ್ಟ್, ಹಣ, ಅಲ್ಲಿಯವರೆಗೆ ಬರೆದಿದ್ದ ದಿನಚರಿ, ಎಲ್ಲ ಹೋಯಿತು. ಆ ಕಷ್ಟದಲ್ಲಿ ಆಸರೆಯಾದ ಒಂದು ಬಾಲ್ಟಿಕ್ ಶ್ರೀಮಂತ ಕುಟುಂಬ ಮುಂದಿನ ದಾರಿಗೆ ಪರಿಚಯಪತ್ರಗಳನ್ನೂ ಕೊಟ್ಟಿತು. ಅಲ್ಲಿಂದಾಚೆಗೆ ಒಂದು ರಾತ್ರಿ ಕೊಟ್ಟಿಗೆಯಲ್ಲಿ ಮಲಗಿದವನು ಇನ್ನೊಂದು ರಾತ್ರಿ ಕೋಟೆಮನೆಯಲ್ಲಿ ಮಲಗುವಂತಾಯಿತು.

ನಗರವೊಂದನ್ನು ಅವನು ನಿಜವಾಗಿ ಒಳಗಿನಿಂದ ಕಂಡದ್ದು ವಿಯೆನ್ನಾದಲ್ಲಿ. ಅವನು ತಲುಪಿದ್ದು 1934ರ ಫೆಬ್ರವರಿಯಲ್ಲಿ. ಸರ್ಕಾರಕ್ಕೂ ಸಮಾಜವಾದಿಗಳಿಗೂ ಕಾದಾಟ ನಡೆದಿದ್ದ ದಿನಗಳು. ಒಂದು ಕಿಲೋಮೀಟರಿಗೂ ಉದ್ದವಾದ, ಕಾರ್ಮಿಕರ ಮನೆಗಳಿದ್ದ ಕಾರ್ಲ್ ಮಾರ್ಕ್ಸ್ ಹೋಫ್ ಕಟ್ಟಡದ ಮೇಲೆ ಫಿರಂಗಿ ಹಾರಿಸಲಾಗಿತ್ತು. ಅಂಚೆಯಲ್ಲಿ ಬರಬೇಕಿದ್ದ ಹಣ ಬಂದಿರಲಿಲ್ಲ. ಸಾಲ್ವೇಶನ್ ಆರ್ಮಿಯ ಆಶ್ರಯದಲ್ಲಿ, ನೆಲೆಯಿಲ್ಲದವರ ಸಾಲು ಹಾಸಿಗೆಗಳ ನಡುವೆ ಅವನಿಗೂ ಒಂದು ಜಾಗ ಸಿಕ್ಕಿತು. ಅಲ್ಲಿ ಗೆಳೆಯನಾದ ಫ್ರಿಸಿಯನ್ ದ್ವೀಪದ ಕೊನ್ರಾಡ್ ಷೇಕ್ಸ್‌ಪಿಯರ್ ಓದಿ ಇಂಗ್ಲಿಷ್ ಕಲಿತವನು. ಮನೆಮನೆಗೆ ಹೋಗಿ ಚಿತ್ರ ಬರೆದುಕೊಡು ಎಂದು ಹುರಿದುಂಬಿಸಿದವನೂ ಅವನೇ. ಹುಡುಗ ಅಪಾರ್ಟ್‌ಮೆಂಟುಗಳ ಮೆಟ್ಟಿಲು ಹತ್ತಿ ಗಂಟೆ ಒತ್ತಿದ. ಬಾಗಿಲು ತೆರೆದವರನ್ನು ಕೂರಿಸಿ ಪೆನ್ಸಿಲಿನಲ್ಲಿ ಅವರ ಮುಖ ಬರೆದ, ಕೊಟ್ಟ ಕಾಸು ಪಡೆದ. ಅರಮನೆ, ಮ್ಯೂಸಿಯಂಗಳ ಎದುರು ಸಾಲಿನಲ್ಲಿ ನಿಂತ ಪ್ರವಾಸಿಗೆ ಇಂಥ ವಿಯೆನ್ನಾ ಎಂದೂ ಸಿಗದು. ಒಂದೊಂದು ಬಾಗಿಲ ಹಿಂದೆಯೂ ಒಂದೊಂದು ಬದುಕು, ಅದರ ಕುರ್ಚಿ ಮೇಜು, ಅದರ ಒಂಟಿತನ ಅವನೆದುರು ತೆರೆದುಕೊಂಡಿತು.

ಪ್ರಾಗ್‌ಗೆ ಮಾತ್ರ ಅವನು ರೈಲಿನಲ್ಲಿ ಹೋದ. ಅಲ್ಲಿನ ಕೋಟೆಯ ವ್ಲಾಡಿಸ್ಲಾವ್ ಸಭಾಂಗಣದ ಚಾವಣಿ ಅವನನ್ನು ಹಿಡಿದು ನಿಲ್ಲಿಸಿತು. ಬೆನೆಡಿಕ್ಟ್ ರೀಡ್ 1500ರ ಆಸುಪಾಸಿನಲ್ಲಿ ಕಟ್ಟಿದ ಆ ಕಮಾನುಗಳ ಕಲ್ಲಿನ ಏಣುಗಳು ಬಳ್ಳಿಗಳಂತೆ ಬಾಗಿ, ಒಂದನ್ನೊಂದು ದಾಟಿ ಹೆಣೆದುಕೊಂಡಿವೆ. ಅದರ ಕೆಳಗೆ ಕುದುರೆ ಸವಾರರ ಪಂದ್ಯಗಳು ನಡೆಯುತ್ತಿದ್ದವು. ಕುದುರೆಗಳು ಏರಿ ಬರಲೆಂದೇ ಕಟ್ಟಿದ ಅಗಲದ ಮೆಟ್ಟಿಲು ಈಗಲೂ ಇದೆ.

ಮೊದಲ ಪುಸ್ತಕ ಮುಗಿಯುವುದು ಈಸ್ಟರ್ ಹಬ್ಬದ ಹಿಂದಿನ ಸಂಜೆ. ಡ್ಯಾನ್ಯೂಬಿನ ಸೇತುವೆಯ ನಡುವೆ ಅವನು ನಿಂತಿದ್ದಾನೆ. ಒಂದು ಬದಿ ಚೆಕೊಸ್ಲೊವಾಕಿಯಾ, ಇನ್ನೊಂದು ಬದಿ ಹಂಗೇರಿಯ ಎಸ್ಟರ್‌ಗೋಮ್. ಆ ಸೇತುವೆಯನ್ನು 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ನರು ಸ್ಫೋಟಿಸಿದರು. ಮತ್ತೆ ಜನ ಅದನ್ನು ದಾಟುವಂತಾದದ್ದು 2001ರಲ್ಲಿ. ಬುಡಾಪೆಸ್ಟಿನಲ್ಲಿ ಅವನು ದಾಟಿ ಓಡಾಡಿದ ಸೇತುವೆಗಳೂ ಯುದ್ಧದ ಕೊನೆಯ ಹೊತ್ತಿಗೆ ನದಿಗೆ ಬಿದ್ದಿದ್ದವು. ಅವನನ್ನು ಉಣಿಸಿ, ಕುದುರೆ ಕೊಟ್ಟು ಕಳಿಸಿದ ಹಂಗೇರಿ, ರುಮೇನಿಯಾಗಳ ಜಮೀನುದಾರಿ ಮನೆಗಳ ಬಾಳೂ ಯುದ್ಧದ ನಂತರ ಚದುರಿಹೋಯಿತು.

1934ರ ವರ್ಷಾಂತ್ಯಕ್ಕೆ ಲೀ ಫರ್ಮರ್ ಕಾನ್‌ಸ್ಟಾಂಟಿನೋಪಲ್ ಸೇರಿದ. ಅಷ್ಟು ದೂರ ನಡೆದು ತಲುಪಿದ ಆ ನಗರದ ಬಗ್ಗೆ ಉಳಿದಿರುವುದು ದಿನಚರಿಯ ಕೆಲವು ಚುಟುಕು ಟಿಪ್ಪಣಿಗಳು ಮಾತ್ರ. ಮೂರನೆಯ ಸಂಪುಟವನ್ನು ಮುಗಿಸಲಾಗದೆ ಅವನು 2011ರಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಂಡ. 2013ರಲ್ಲಿ ‘ದಿ ಬ್ರೋಕನ್ ರೋಡ್’ ಹೆಸರಿನಲ್ಲಿ ಪ್ರಕಟವಾದ ಆ ಹಸ್ತಪ್ರತಿಯ ಕಥನ ಬಲ್ಗೇರಿಯಾದಲ್ಲೇ, ಕಪ್ಪು ಸಮುದ್ರದ ದಂಡೆಯ ಬುರ್ಗಾಸ್ ಪಟ್ಟಣದ ಹತ್ತಿರ, ವಾಕ್ಯದ ನಡುವೆ ನಿಂತುಬಿಡುತ್ತದೆ.