ಇದು ಇತ್ತೇನ್ಲಾ, ನೀನು ಹಾಕಿದ್ದಾ?



ಹೋದ ವಾರ ನಾನು ಹಾಕಿದ ಕೆಂಪು-ನೀಲಿ ಫೋಟೋಗೆ ಮೂರು ಥರದ ಮಾತು ಬಂದವು. ಒಂದು, "ಅಣ್ಣ ಸೂಪರ್, ನಾಸಾದ್ದಾ?" ಎರಡು, "ಇದು ಫೋಟೋಶಾಪ್ ಅಲ್ವಾ?" ಮೂರನೆಯದು ಫೋನಲ್ಲಿ ಬಂತು. ಸಂಘಟನೆಯ ಹಿರಿಯರು, ನನ್ನನ್ನು ಮೊದಲು ಧರಣಿಗೆ ಕರ್ಕೊಂಡು ಹೋದವರೇ ಅವರು. "ಜನಕ್ಕೆ ಹಕ್ಕುಪತ್ರ ಇಲ್ಲ, ನೀನು ನಕ್ಷತ್ರ ನೋಡ್ಕಂಡು ಕೂತಿದೀಯಲ್ಲಪ್ಪ" ಅಂದರು. ಬೇಜಾರು ಮಾಡ್ಕೊಳ್ಳಲಿಲ್ಲ. ಮೂರಕ್ಕೂ ಉತ್ತರ ಬರೀತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಅದು ನಾಸಾದ್ದಲ್ಲ. ಹೊಂಗಡಹಳ್ಳದ್ದು. ಸಕಲೇಶಪುರದಿಂದ ಬಿಸಿಲೆ ಕಾಡಿನ ಕಡೆ ಹೋದರೆ ಸಿಗುವ ನಮ್ಮೂರು. ಗುಂಡ್ಯ ಜಲವಿದ್ಯುತ್ ಯೋಜನೆಯ ಗಲಾಟೆ ಕಾಲದಲ್ಲಿ ಹೆಸರು ಪೇಪರಲ್ಲಿ ಬರ್ತಿತ್ತಲ್ಲ, ಅದೇ. ನಮ್ಮ ಚಿಕ್ಕಪ್ಪ ಅಲ್ಲೊಂದು ತೋಟದಲ್ಲಿ ಕಾಫಿ ಕಣ ಕಾಯ್ತಾರೆ. ಕುಯ್ಲು ಮುಗಿದು ಹಣ್ಣು ಒಣಗಕ್ಕೆ ಹಾಕಿದ ಮೇಲೆ ರಾತ್ರಿ ಒಬ್ಬರು ಇರಲೇಬೇಕು. ಕಳ್ಳರ ಭಯ ಒಂದು, ಆನೆ ಭಯ ಇನ್ನೊಂದು. ನಾನು ಆ ಕಣದ ಮೂಲೆಯಲ್ಲಿ ಕ್ಯಾಮೆರಾ ಇಟ್ಟಿದ್ದೆ.

ಕಣವೇ ಯಾಕೆ ಅಂದರೆ, ಆಕಾಶದ ಫೋಟೋ ತೆಗೆಯೋರು ಮೊದಲು ಧ್ರುವ ನಕ್ಷತ್ರಕ್ಕೆ ಯಂತ್ರವನ್ನು ನೇರ ಮಾಡಬೇಕು. ಭೂಮಿ ತಿರುಗೋ ವೇಗಕ್ಕೆ ಸರಿಯಾಗಿ ಆ ಯಂತ್ರ ಕ್ಯಾಮೆರಾವನ್ನು ತಿರುಗಿಸುತ್ತೆ, ಇಲ್ಲದಿದ್ದರೆ ಚುಕ್ಕಿಯೆಲ್ಲ ಗೆರೆ ಆಗ್ತವೆ. ನಮ್ಮ ಊರಿಗೆ ಧ್ರುವ ನಕ್ಷತ್ರ ದಿಗಂತದಿಂದ ಬರೀ 13 ಡಿಗ್ರಿ ಎತ್ತರ. ಕೈ ಉದ್ದಕ್ಕೆ ಚಾಚಿ ಮುಷ್ಟಿ ಹಿಡಿದರೆ ಒಂದೂಕಾಲು ಮುಷ್ಟಿ, ಅಷ್ಟೇ. ಕೇರಿಯಲ್ಲಿ ನಿಂತರೆ ಸಿಲ್ವರ್ ಓಕ್ ಮರ ಅಡ್ಡ. ಲೈನ್ ಮನೆ ಹತ್ತಿರ ಗುಡ್ಡ ಅಡ್ಡ. ಉತ್ತರಕ್ಕೆ ತೆರೆದ ಜಾಗ ಅಂತ ಇರೋದು ಆ ಕಣ ಒಂದೇ. ಚಿಕ್ಕವನಿದ್ದಾಗ ಅವ್ವನ ಜೊತೆ ಅಲ್ಲೇ ಕಾಫಿ ಕೆದರಿದ್ದೀನಿ. ಕಣದಲ್ಲಿ ಎಷ್ಟು ಬೇಕಾದರೂ ಓಡಾಡಬಹುದಿತ್ತು, ಅದರ ಮೇಲಿನ ಜಗಲಿ ಹತ್ತುವ ಹಾಗಿರಲಿಲ್ಲ. ಈಗ ಕಣ ಬಳಸಕ್ಕೆ ಸಾವ್ಕಾರರ ಮಗನ್ನ ಕೇಳಿದೆ, "ಅದಕ್ಕೇನು, ಬನ್ನಿ" ಅಂದರು. "ಬನ್ನಿ" ಅನ್ನೋ ಆ ಬಹುವಚನ ನಮ್ಮ ಅಪ್ಪನಿಗೆ ಸಿಕ್ಕಿರಲಿಲ್ಲ. ಅದನ್ನೂ ಬರೆದಿಡಬೇಕು ಅನ್ನಿಸಿತು.

ಆವತ್ತು ತೆಗೆದದ್ದು ರೋಸೆಟ್ ನೆಬ್ಯುಲಾ. ಹುಡುಕೋದು ಹೇಗೆ ಅಂದರೆ, ಆರಿದ್ರೆ ಮಳೆ ನಮಗೆಲ್ಲ ಗೊತ್ತು. "ಆದ್ರೆ ಆರಿದ್ರೆ, ಇಲ್ದಿದ್ರೆ ದರಿದ್ರ" ಅಂತ ನಮ್ಮಜ್ಜಿ ಹೇಳ್ತಿದ್ದಳು. ಆ ಆರಿದ್ರೆ ಒಂದು ಕೆಂಪು ನಕ್ಷತ್ರ, ಇಂಗ್ಲಿಷಿನವರ ಬೀಟಲ್‌ಜ್ಯೂಸ್. ಅಲ್ಲಿಂದ ಪೂರ್ವಕ್ಕೆ ಒಂದು ಮುಷ್ಟಿ ದೂರ ಹೋದರೆ ರೋಸೆಟ್. ಫೆಬ್ರವರಿ ಶುರುವಿನಲ್ಲಿ ರಾತ್ರಿ ಹತ್ತರ ಹೊತ್ತಿಗೆ ಹೆಚ್ಚೂಕಮ್ಮಿ ನೆತ್ತಿಗೆ ಬರುತ್ತೆ. ಅಗಲ ಎರಡು ಹುಣ್ಣಿಮೆ ಚಂದ್ರನಿಗಿಂತ ಜಾಸ್ತಿ, ಆದರೆ ಬರಿಗಣ್ಣಿಗೆ ಏನೂ ಕಾಣಲ್ಲ. ಸುಮಾರು 5,000 ಜ್ಯೋತಿರ್ವರ್ಷ ದೂರದ ಅನಿಲದ ಮೋಡ ಅದು. ನಡುವೆ ಹೊಸದಾಗಿ ಹುಟ್ಟಿದ ಬಿಸಿ ನಕ್ಷತ್ರಗಳ ಗುಂಪಿದೆ. ಅವುಗಳ ಅತಿನೇರಳೆ ಬೆಳಕು ಸುತ್ತಲಿನ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಹಾಕುತ್ತೆ, ಅವು ಮತ್ತೆ ಸೇರುವಾಗ ಮೋಡ ಹೊಳೆಯುತ್ತೆ.

ಹೊಳೆಯೋದು ಎಲ್ಲ ಬಣ್ಣದಲ್ಲೂ ಅಲ್ಲ, ಕೆಲವೇ ಗೆರೆಗಳಲ್ಲಿ. ಜಲಜನಕದ ಗೆರೆ 656.3 ನ್ಯಾನೋಮೀಟರಿಗೆ, ಗಾಢ ಕೆಂಪು. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ್ದು 500.7ಕ್ಕೆ, ಹಸಿರು-ನೀಲಿ ನಡುವೆ. ಗಂಧಕದ್ದು 671.6 ಮತ್ತು 673.1ಕ್ಕೆ, ಅದೂ ಕೆಂಪೇ. ನ್ಯಾರೋಬ್ಯಾಂಡ್ ಫಿಲ್ಟರ್ ಅಂದರೆ ಇಂಥ ಗೆರೆಯ ಸುತ್ತ ಕೆಲವೇ ನ್ಯಾನೋಮೀಟರ್ ಮಾತ್ರ ಒಳಗೆ ಬಿಟ್ಟು ಉಳಿದದ್ದನ್ನು ತಡೆಯುವ ಗಾಜು. ಹೋಮ್‌ಸ್ಟೇ ಲೈಟು, ಚಂದ್ರನ ಬೆಳಕು ಬಹುಪಾಲು ಹೊರಗೇ ನಿಲ್ಲುತ್ತೆ. ನನ್ನ ಫಿಲ್ಟರ್ ಜಲಜನಕ, ಆಮ್ಲಜನಕ ಎರಡನ್ನೂ ಬಿಡುವಂಥದ್ದು. ಕಂತಿನ ಮೇಲೆ ತಗೊಂಡೆ, ಇನ್ನೂ ನಾಲ್ಕು ಕಂತಿದೆ. ಕ್ಯಾಮೆರಾ ಬೆಂಗಳೂರಿನ ಗೆಳೆಯರದ್ದು, ಹಳೇದು, ಒಳಗಿನ ಫಿಲ್ಟರ್ ತೆಗೆಸಿದ್ದು. ಮಾಮೂಲಿ ಕ್ಯಾಮೆರಾದೊಳಗೆ ಒಂದು ಗಾಜಿರುತ್ತೆ, ಅದು ಈ ಗಾಢ ಕೆಂಪಿನ ಹೆಚ್ಚಿನ ಪಾಲನ್ನು ನುಂಗಿಬಿಡುತ್ತೆ.

ಆಮ್ಲಜನಕದ ಗೆರೆಗೆ ಒಂದು ಕತೆ ಇದೆ. 1864ರಲ್ಲಿ ಇಂಗ್ಲೆಂಡಿನ ವಿಲಿಯಂ ಹಗ್ಗಿನ್ಸ್ ಒಂದು ನೆಬ್ಯುಲಾದ ಬೆಳಕನ್ನು ಬಿಡಿಸಿ ನೋಡಿದಾಗ ಹಸಿರು ಗೆರೆ ಕಂಡಿತು. ಭೂಮಿಯ ಮೇಲಿನ ಯಾವ ವಸ್ತುವಿಗೂ ಅದು ತಾಳೆ ಆಗಲಿಲ್ಲ. ಹಾಗಾಗಿ ಇದು ಬೇರೆಯೇ ಜಾತಿಯ ಧಾತು ಅಂತ ತೀರ್ಮಾನ ಮಾಡಿ "ನೆಬ್ಯುಲಿಯಂ" ಅಂತ ಹೆಸರಿಟ್ಟರು. ಬಹಳ ವರ್ಷ ಆ ಹೆಸರು ನಡೀತು. 1927ರಲ್ಲಿ ಅಮೆರಿಕದ ಐರಾ ಬೋವೆನ್ ಲೆಕ್ಕ ಹಾಕಿ ತೋರಿಸಿದರು, ಅದು ನಾವು ಉಸಿರಾಡೋ ಅದೇ ಆಮ್ಲಜನಕ. ನಮ್ಮ ಗಾಳಿಯಲ್ಲಿ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೀತಾ ಇರೋದರಿಂದ ಆ ಬೆಳಕು ಹೊರಡಕ್ಕೆ ಪುರುಸೊತ್ತೇ ಸಿಗಲ್ಲ. ತೀರಾ ತೆಳು ಮೋಡದಲ್ಲಿ ಸಿಗುತ್ತೆ. ಭೌತಶಾಸ್ತ್ರದವರು ಇವತ್ತಿಗೂ ಅದನ್ನು "ನಿಷಿದ್ಧ ರೇಖೆ" ಅಂತಲೇ ಕರೀತಾರೆ. ಓದಿದಾಗ ಒಬ್ಬನೇ ನಕ್ಕೆ.

ಈಗ ಎರಡನೇ ಪ್ರಶ್ನೆ, ಫೋಟೋಶಾಪ್ ಅಲ್ವಾ ಅನ್ನೋದು.

ಎರಡು ರಾತ್ರಿಯಲ್ಲಿ ಮೂರು ಮೂರು ನಿಮಿಷದ 84 ಚಿತ್ರ ತೆಗೆದೆ. ಲೆನ್ಸಿಗೆ ಇಬ್ಬನಿ ಕೂತದ್ದು, ಚಿಕ್ಕಪ್ಪ ಟಾರ್ಚ್ ಬಿಟ್ಟದ್ದು, ಮಂಜು ಬಂದದ್ದು ಎಲ್ಲ ಸೇರಿ 20 ಬದಿಗಿಟ್ಟೆ. ಉಳಿದದ್ದು 64. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಬರೀ ಕಪ್ಪು. ಚಿಕ್ಕಪ್ಪ ಬಗ್ಗಿ ನೋಡಿ, "ರಾತ್ರಿಯೆಲ್ಲಾ ಕತ್ಲೆ ಫೋಟೋ ತೆಗೀತಿದ್ಯಲ್ಲೋ ಮಗ" ಅಂದರು. ನಿಜವೇ. ನನ್ನ ಕ್ಯಾಮೆರಾ ಕಪ್ಪಿಂದ ಬಿಳಿವರೆಗೆ 16,384 ಮೆಟ್ಟಿಲು ಎಣಿಸುತ್ತೆ. ರೋಸೆಟ್ ಇರೋದು ತಳದ ಕೆಲವೇ ಮೆಟ್ಟಿಲಲ್ಲಿ, ಸದ್ದಿನ ಜೊತೆ ಕಲಸಿಹೋಗಿ. ಸದ್ದು ಅಂದರೆ ಕ್ಯಾಮೆರಾ ತಾನೇ ಹುಟ್ಟಿಸುವ ಕಾಳು ಕಾಳು ಚುಕ್ಕಿ. ಅದು ಚಿತ್ರದಿಂದ ಚಿತ್ರಕ್ಕೆ ಜಾಗ ಬದಲಾಯಿಸುತ್ತೆ, ಮೋಡ ಬದಲಾಯಿಸಲ್ಲ. 64 ಚಿತ್ರ ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆದರೆ ಸದ್ದು ಎಂಟರಲ್ಲಿ ಒಂದು ಪಾಲಾಗುತ್ತೆ, ವರ್ಗಮೂಲದ ಲೆಕ್ಕ. ಆಮೇಲೆ ಲೆನ್ಸ್ ಮುಚ್ಚಿ ಅಷ್ಟೇ ಹೊತ್ತು, ಅಷ್ಟೇ ಚಳಿಯಲ್ಲಿ ತೆಗೆದ ಕತ್ತಲೆ ಚಿತ್ರ ಇರುತ್ತೆ, ಕ್ಯಾಮೆರಾದ ಸ್ವಂತ ದೋಷ ಕಳೆಯಕ್ಕೆ. ಬೆಳಗಿನ ಜಾವ ಲೆನ್ಸಿನ ಮೇಲೆ ಬಿಳಿ ಬನಿಯನ್ ಬಿಗಿದು ತೆಗೆದ ಚಿತ್ರ ಇರುತ್ತೆ, ಧೂಳಿನ ಕಲೆ, ಅಂಚಿನ ಕತ್ತಲೆ ಸರಿ ಮಾಡಕ್ಕೆ. ಹೊಸ ಬನಿಯನ್ ಬೇಕು, ಬಟ್ಟೆ ಸವೆದಿದ್ದರೆ ಬೆಳಕು ಒಂದೇ ಸಮ ಬರಲ್ಲ.

ಇದನ್ನೆಲ್ಲ ಮಾಡೋ ಸಿರಿಲ್ ಅನ್ನೋ ತಂತ್ರಾಂಶ ಪುಕ್ಕಟೆ. ನಂತರದ ಬಣ್ಣದ ಕೆಲಸಕ್ಕೆ ಗಿಂಪ್, ಅದೂ ಪುಕ್ಕಟೆ. ಸಿರಿಲ್ ನನ್ನ ಚಿತ್ರವನ್ನು ಎರಡು ಮಾಡುತ್ತೆ. ಕೆಂಪು ಪಿಕ್ಸೆಲ್ಲುಗಳಿಂದ ಜಲಜನಕದ ಚಿತ್ರ, ಹಸಿರು-ನೀಲಿಯಿಂದ ಆಮ್ಲಜನಕದ ಚಿತ್ರ. ಎರಡೂ ಕಪ್ಪು-ಬಿಳುಪು. ಆಮೇಲೆ ಹಿಗ್ಗಿಸೋದು. ತಳದ ಆ ಕೆಲವು ಮೆಟ್ಟಿಲನ್ನು ಮೇಲಕ್ಕೆ ಎಳೆದು ಹರಡೋದು. ಆ ಗುಂಡಿ ಒತ್ತಿದ ಕ್ಷಣ ಕಪ್ಪು ಪರದೆಯಲ್ಲಿ ಹೂವಿನ ಹಾಗೆ ಮೋಡ ಎದ್ದು ಬಂತು. ಚಿಕ್ಕಪ್ಪ ಬೀಡಿ ಕೆಳಗಿಟ್ಟರು.

"ಇದು ಇತ್ತೇನ್ಲಾ, ನೀನು ಹಾಕಿದ್ದಾ?"

ಸ್ವಲ್ಪ ಹೊತ್ತು ನಾನು ಮಾತಾಡಲಿಲ್ಲ. ಇದೇ ಪ್ರಶ್ನೆ ನನಗೆ ಇನ್ನೊಂದು ಕಡೆ ಎದುರಾಗಿತ್ತು. ಅವತ್ತು ಉತ್ತರ ಕೊಡಕ್ಕೆ ಆಗಿರಲಿಲ್ಲ.

ಕೆಲವು ವರ್ಷದ ಹಿಂದೆ ಒಂದು ಊರಿನಲ್ಲಿ ನಮ್ಮವರ ಸ್ಮಶಾನದ ದಾರಿಗೆ ಬೇಲಿ ಹಾಕಿದರು. ಹೆಣ ಹೊತ್ತುಕೊಂಡು ಹೋದವರು ವಾಪಸ್ ಬಂದು ಸುತ್ತು ಬಳಸಿ ಹೋಗಬೇಕಾಯ್ತು. ಸಂಜೆ ಕತ್ತಲಾಗೋ ಹೊತ್ತು. ಬೇಲಿ, ಚಟ್ಟ, ಜನ ಎಲ್ಲ ಸೇರಿ ನಾನು ಮೊಬೈಲಲ್ಲಿ ತೆಗೆದೆ. ಮಸುಕಾಗಿತ್ತು ಅಂತ ಒಂದು ಆ್ಯಪಲ್ಲಿ ಬೆಳಕು ಜಾಸ್ತಿ ಮಾಡಿದೆ, ಬೇಲಿ ಚೆನ್ನಾಗಿ ಕಾಣಲಿ ಅಂತ ಕಾಂಟ್ರಾಸ್ಟ್ ಎಳೆದೆ, ವಾಟ್ಸಾಪಲ್ಲಿ ಹತ್ತು ಗುಂಪಿಗೆ ಹಾಕಿದೆ. ಫೋನ್ ತುಂಬಿತ್ತು, ಮೂಲ ಚಿತ್ರ ಅಳಿಸಿದೆ. ವಿಚಾರಣೆ ದಿನ ಎದುರು ಕಡೆಯ ವಕೀಲರು ಕೇಳಿದ್ದು ಒಂದೇ ಮಾತು: "ಇದನ್ನ ಎಡಿಟ್ ಮಾಡಿದ್ದೀರಾ?" ಹೌದು ಅಂದೆ. "ಮೂಲ ಕೊಡಿ." ಇಲ್ಲ. ವಾಟ್ಸಾಪಿನಲ್ಲಿ ಬಂದ ಫೋಟೋದಲ್ಲಿ ತೆಗೆದ ಹೊತ್ತು, ಜಾಗದ ವಿವರ ಉಳಿದಿರಲ್ಲ. ಬೆಳಕು ಹೆಚ್ಚು ಮಾಡಿದ್ದೆ ಅಷ್ಟೇ, ಬೇಲಿ ಇತ್ತು ಅಂತ ಎಷ್ಟು ಸಲ ಹೇಳಿದರೂ, ನಾನು ಹೇಳೋದು ಹೇಳಿಕೆ, ಫೋಟೋ ಅಲ್ಲ. ಆ ಫೋಟೋ ಬಿದ್ದುಹೋಯ್ತು. ಚಟ್ಟ ಹೊತ್ತಿದ್ದ ಹುಡುಗ ಹೊರಗೆ ಬಂದು, "ಸರ್, ನೀವು ಮುಟ್ದೇ ಇದ್ದಿದ್ರೆ ಚೆನ್ನಾಗಿತ್ತು" ಅಂದ. ಅದು ಇನ್ನೂ ಕಿವಿಯಲ್ಲಿದೆ.

ಹಾಗಾಗಿ ನೆಬ್ಯುಲಾ ಹಿಡಿದಾಗ ನಾನು ಮೊದಲು ಕಲಿತದ್ದು ಚಂದ ಮಾಡೋದಲ್ಲ, ಲೆಕ್ಕ ಇಡೋದು. ಹಿಗ್ಗಿಸಬಹುದು. ಇಡೀ ಚಿತ್ರಕ್ಕೆ ಒಂದೇ ನಿಯಮ ಹಾಕಿದರೆ ಇದ್ದದ್ದೇ ಕಾಣುತ್ತೆ, ಇಲ್ಲದ್ದು ಹುಟ್ಟಲ್ಲ. ಬಣ್ಣ ಕೊಡಬಹುದು, ಯಾವುದಕ್ಕೆ ಯಾವುದು ಅಂತ ಹೇಳಿ ಕೊಡಬೇಕು. 1995ರಲ್ಲಿ ಹಬಲ್ ದೂರದರ್ಶಕದಿಂದ ಜೆಫ್ ಹೆಸ್ಟರ್, ಪಾಲ್ ಸ್ಕೋವೆನ್ ತೆಗೆದ "ಸೃಷ್ಟಿಯ ಕಂಬಗಳು" ನೀವೆಲ್ಲ ನೋಡಿರ್ತೀರಿ. ಅದರಲ್ಲಿ ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ. ಜಲಜನಕದ ನಿಜವಾದ ಬೆಳಕು ಹಸಿರಲ್ಲ, ಅವರು ಅದನ್ನು ಮುಚ್ಚಿಡಲೂ ಇಲ್ಲ. ಕೆಂಪು ಕೆಂಪು ಎರಡನ್ನೂ ಹಾಗೇ ಬಿಟ್ಟರೆ ಯಾವುದು ಗಂಧಕ, ಯಾವುದು ಜಲಜನಕ ಗೊತ್ತಾಗಲ್ಲ, ಅದಕ್ಕೇ ಬೇರೆ ಬಣ್ಣ. ನನ್ನದರಲ್ಲಿ ಜಲಜನಕ ಕೆಂಪು, ಆಮ್ಲಜನಕ ನೀಲಿ-ಹಸಿರು. ನಡುವಿನ ನೀಲಿ ನಾನು ಬಳಿದದ್ದಲ್ಲ. ಬಿಸಿ ನಕ್ಷತ್ರಗಳ ಹತ್ತಿರವೇ ಆಮ್ಲಜನಕ ಎರಡು ಎಲೆಕ್ಟ್ರಾನ್ ಕಳ್ಕೊಳ್ಳೋದು, ದೂರ ಹೋದಂತೆ ಜಲಜನಕದ ಕೆಂಪೇ ಉಳಿಯೋದು.

ಮಾಡಬಾರದ್ದೂ ಇದೆ. ಈಗ ಎಐ ಸಲಕರಣೆ ಬಂದಿವೆ, ಒಂದೇ ಒತ್ತಿಗೆ ಸದ್ದು ತೆಗೆದು ಅಂಚು ಚೂಪು ಮಾಡ್ತವೆ. ಒಂದನ್ನು ಹಾಕಿ ನೋಡಿದೆ. ಮೋಡದಲ್ಲಿ ಸಣ್ಣ ಸಣ್ಣ ಎಳೆ ಬಂದವು, ಎಷ್ಟು ಚಂದ ಅಂದರೆ! 64ನ್ನು ಎರಡು ಭಾಗ ಮಾಡಿ ಬೇರೆ ಬೇರೆ ಹಾಕಿ ನೋಡಿದಾಗ ಒಂದರ ಎಳೆ ಇನ್ನೊಂದರಲ್ಲಿ ಇರಲಿಲ್ಲ. ತೆಗೆದುಬಿಟ್ಟೆ. ಹಾಗಾಗಿ ನನ್ನ ಫೋಟೋ ಸ್ವಲ್ಪ ಕಾಳು ಕಾಳಾಗಿದೆ, ಕ್ಷಮಿಸಿ.

ಹಿರಿಯರ ಪ್ರಶ್ನೆ ಉಳೀತು. ಅಣ್ಣ, ಮೇಘನಾದ ಸಹಾ ಅಂತ ಒಬ್ಬರಿದ್ದರು. 1893ರಲ್ಲಿ ಢಾಕಾ ಹತ್ತಿರದ ಹಳ್ಳಿಯಲ್ಲಿ ಕಿರಾಣಿ ಅಂಗಡಿಯವರ ಮನೆಯಲ್ಲಿ ಹುಟ್ಟಿದವರು. ಕಲ್ಕತ್ತಾದ ಹಾಸ್ಟೆಲಿನಲ್ಲಿ ಕೆಳಜಾತಿ ಅಂತ ಜೊತೆಯಲ್ಲಿ ಕೂತು ಉಣ್ಣಕ್ಕೆ ಒಪ್ಪದವರಿದ್ದರು. ನಕ್ಷತ್ರದ ಶಾಖಕ್ಕೆ ಅಣು ಎಷ್ಟರಮಟ್ಟಿಗೆ ಎಲೆಕ್ಟ್ರಾನ್ ಕಳ್ಕೊಳ್ಳುತ್ತೆ ಅನ್ನೋ ಸಮೀಕರಣ ಕೊಟ್ಟವರು ಅವರೇ, 1920ರಲ್ಲಿ. ಅವರೇ ದಾಮೋದರ ನದಿಯ ಪ್ರವಾಹದ ಬಗ್ಗೆ ಬರೆದರು, 1952ರಲ್ಲಿ ಲೋಕಸಭೆಗೂ ಗೆದ್ದು ಹೋದರು. ಅದೇ ದಾಮೋದರ ಕಣಿವೆಯ ಯೋಜನೆಗೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿ ಬಾಬಾಸಾಹೇಬರು ದುಡಿದಿದ್ದರು. ಇಬ್ಬರೂ ಹೋದದ್ದು 1956ರಲ್ಲೇ. ಇನ್ನು ರೋಹಿತ್. ಕಾರ್ಲ್ ಸಾಗನ್ ಥರ ವಿಜ್ಞಾನದ ಬರಹಗಾರ ಆಗಬೇಕು ಅಂತಿದ್ದ ಹುಡುಗ. ಪ್ರತಿ ಜನವರಿ 17ಕ್ಕೆ ಅವನ ಫೋಟೋ ಹಿಡಿದು ನಿಲ್ತೀವಿ. ಅವನ ಆ ಆಸೆ ಬಗ್ಗೆ ನಮ್ಮ ಎಷ್ಟು ಸಭೆಗಳಲ್ಲಿ ಮಾತಾಡಿದ್ದೀವಿ? ಹಕ್ಕುಪತ್ರದ ಕೆಲಸ ನಾನು ಬಿಟ್ಟಿಲ್ಲ. ಸೋಮವಾರ ತಾಲ್ಲೂಕು ಕಚೇರಿ ಮುಂದೆ ನಾನೇ ಇರ್ತೀನಿ.

ಕಣಕ್ಕೆ ವಾಪಸ್ ಬರ್ತೀನಿ. ಚಿಕ್ಕಪ್ಪನಿಗೆ ಬಾಯಲ್ಲಿ ವಿವರಿಸಲಿಲ್ಲ, ತೋರಿಸಿದೆ. ಒಂದು ಚಿತ್ರ ಹಿಗ್ಗಿಸಿದೆ: ಕಾಳು ಕಾಳು, ನಡುವೆ ಏನೋ ಮಬ್ಬು. ನಾಲ್ಕು ಸೇರಿಸಿದೆ: ಮಬ್ಬು ಸ್ವಲ್ಪ ಗಟ್ಟಿ. ಹದಿನಾರು. ಅರವತ್ತನಾಲ್ಕು. ಪಕ್ಕದ ಖಾಲಿ ಆಕಾಶದ್ದೂ ಹಾಗೇ ಸೇರಿಸಿ ತೋರಿಸಿದೆ, ಅಲ್ಲಿ ಏನೂ ಬರಲಿಲ್ಲ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ ಆರಿದ್ರೆ ಕಡೆ ನೋಡಿ, "ಅಲ್ಲೇ ಇತ್ತು ಅನ್ನು. ನಂ ಕಣ್ಣಿಗೆ ಸಾಲ್ದು ಅಷ್ಟೇಯ" ಅಂದರು. ಒಂದು ಗಳಿಗೆ ಬಿಟ್ಟು, "ಆ ಕರೀ ಫೋಟೋನೆಲ್ಲ ಇಟ್ಕಂಡಿದ್ಯೇನ್ಲಾ?"

"ಇಟ್ಕಂಡಿದೀನಿ ಚಿಕ್ಕಪ್ಪ. ಎಂಬತ್ನಾಕೂ."

ಆಗ ಕೆಳಗಡೆ ಬಿದಿರು ಮುರಿದ ಸದ್ದು ಬಂತು. ಲ್ಯಾಪ್‌ಟಾಪ್ ಮುಚ್ಚಿ ಇಬ್ಬರೂ ಶೆಡ್ಡಿನೊಳಗೆ ಹೋದೆವು. ಎರಡನೇ ರಾತ್ರಿಯ ಶೂಟಿಂಗ್ ಅಲ್ಲಿಗೆ ಮುಗೀತು.

ಕೊನೆಯದಾಗಿ, ಮುಂದಿನ ಭಾನುವಾರ ಬೆಳಗ್ಗೆ ಆಲೂರಲ್ಲಿ ನಮ್ಮ ಹುಡುಗರಿಗೆ ಒಂದು ಕೂಟ ಇಟ್ಟಿದ್ದೀನಿ. ಮೊಬೈಲಲ್ಲಿ ತೆಗೆದ ಸಾಕ್ಷಿ ಫೋಟೋ ಹೇಗೆ ಕಾಪಾಡೋದು ಅಂತ. ಮೂಲ ಫೈಲ್ ಮುಟ್ಟದೆ ಎರಡು ಕಡೆ ಇಡೋದು, ನಕಲಿನ ಮೇಲೆ ಮಾತ್ರ ಕೆಲಸ ಮಾಡೋದು, ಏನು ಬದಲಾಯಿಸಿದಿರಿ ಅಂತ ಬರೆಯೋದು, ಹ್ಯಾಶ್ ಸಂಖ್ಯೆ ತೆಗೆಯೋದು. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಕೇಳ್ತಾರೆ. ಹಳೇ 65ಬಿ ಗೊತ್ತಿದ್ದವರೂ ಬನ್ನಿ. ಫೋನು, ಚಾರ್ಜರ್ ತನ್ನಿ. ಊಟ ನಮ್ಮದೇ. ಯಾರ ಹತ್ತಿರವಾದರೂ ಗಂಧಕದ ಫಿಲ್ಟರ್ ಇದ್ದರೆ ಒಂದು ವಾರದ ಮಟ್ಟಿಗೆ ಕೊಡಿ, ಮಳೆ ಹಿಡಿಯೋದರೊಳಗೆ ವಾಪಸ್ ಮಾಡ್ತೀನಿ.

ಜೈಭೀಮ್.