ತೊಂಬತ್ತೇಳು ಡಿಗ್ರಿಯ ಕುದಿನೀರು

ಯಲಹಂಕದ ಪ್ರೌಢಶಾಲೆಯೊಂದರ ಪ್ರಯೋಗಶಾಲೆಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳು ನೀರನ್ನು ಕುದಿಸಿ ಉಷ್ಣತೆಯನ್ನು ಅಳೆಯುತ್ತಿದ್ದರು. ಪಾದರಸವು ತೊಂಬತ್ತೇಳರ ಗೆರೆಯ ಬಳಿ ಬಂದು ನಿಂತಿತು. ಉರಿಯನ್ನು ಎಷ್ಟು ಹೆಚ್ಚಿಸಿದರೂ ಮೇಲೇರಲಿಲ್ಲ. ಆದರೂ ಪುಸ್ತಕಗಳಲ್ಲೆಲ್ಲ 100 ಡಿಗ್ರಿ ಸೆಂಟಿಗ್ರೇಡ್ ಎಂದೇ ಬರೆದಿತ್ತು. ಮಕ್ಕಳನ್ನು ದೂರುವಂತಿಲ್ಲ, ಬೇರೆ ಬರೆದರೆ ಅಂಕ ಹೋಗುವುದೆಂಬುದನ್ನು ಅವರು ಬಲ್ಲರು. ಒಬ್ಬ ಹುಡುಗ ಮಾತ್ರ ಕಂಡದ್ದನ್ನು ಕಂಡಂತೆ 97 ಎಂದು ಬರೆದ. ಉಪಾಧ್ಯಾಯರು ಅದಕ್ಕೆ ಕೆಂಪು ಗೀಟು ಎಳೆದರು.

ಎಳೆದ ಮೇಲೆ ಅವರಿಗೆ ಸಮಾಧಾನವಾಗಲಿಲ್ಲ. ಮರುದಿನ ಉಷ್ಣಮಾಪಕವನ್ನೇ ಶಂಕಿಸಿ, ಕರಗುತ್ತಿರುವ ಮಂಜುಗಡ್ಡೆಯಲ್ಲಿ ಅದನ್ನು ಅದ್ದಿ ನೋಡಿದರು, ಸೊನ್ನೆಯನ್ನೇ ತೋರಿಸಿತು. ಕೊಳವೆಬಾವಿಯ ಗಡಸು ನೀರಿನ ದೋಷವಿರಬಹುದೆಂದು ಎಣಿಸಿದರು. ಆದರೆ ಕರಗಿದ ಲವಣಗಳು ಕುದಿಬಿಂದುವನ್ನು ತುಸು ಏರಿಸುತ್ತವೆಯೇ ಹೊರತು ಇಳಿಸುವುದಿಲ್ಲ. ಕಡೆಗೆ ಮಕ್ಕಳನ್ನು ಸುತ್ತ ಕೂಡಿಸಿಕೊಂಡು, ತಾವು ವರ್ಷವರ್ಷವೂ ಪಾಠ ಒಪ್ಪಿಸುತ್ತಿದ್ದ ಆವಿಯ ಒತ್ತಡವನ್ನು ಮೊದಲಿನಿಂದ ವಿವರಿಸತೊಡಗಿದರು.

ಅರ್ಧ ನೀರು ತುಂಬಿ ಬಿರಡೆ ಹಾಕಿದ ಸೀಸೆಯೊಂದು ಮೇಜಿನ ಮೇಲಿತ್ತು. ನೀರಿನ ಅಣುಗಳು ಎಡೆಬಿಡದೆ ಚಲಿಸುತ್ತಿರುತ್ತವೆ. ವೇಗವುಳ್ಳವು ಮೇಲ್ಮೈಯನ್ನು ಬಿಟ್ಟು ಆವಿಯಾಗಿ ಹಾರುತ್ತವೆ. ಬಿರಡೆ ಇರುವುದರಿಂದ ಅವು ಎಲ್ಲಿಗೂ ಹೋಗಲಾರವು. ಕೆಲವು ಮರಳಿ ನೀರಿಗೆ ಬೀಳುತ್ತವೆ. ಜಾತ್ರೆಯ ಮಂಟಪದೊಳಕ್ಕೆ ಹೋಗುವವರೂ ಹೊರಬರುವವರೂ ಸಮನಾದಾಗ ಒಳಗಿನ ಜನಸಂದಣಿ ಹೆಚ್ಚದು, ತಗ್ಗದು. ಹಾಗೆಯೇ ಏಳುವ ಅಣುಗಳೂ ಬೀಳುವ ಅಣುಗಳೂ ಸಮನಾದಾಗ ಆ ಆವಿಯು ಉಂಟುಮಾಡುವ ಒತ್ತಡವೇ ದ್ರವದ ಆವಿಯ ಒತ್ತಡ. ಸೀಸೆ ದೊಡ್ಡದಿರಲಿ ಚಿಕ್ಕದಿರಲಿ, ಒಳಗೆ ಒಂದಿಷ್ಟು ದ್ರವ ಉಳಿದಿರುವವರೆಗೆ ಅದು ಬದಲಾಗದು. ಬದಲಾಗುವುದು ಉಷ್ಣತೆಯಿಂದ. ನೀರಿಗೆ 20 ಡಿಗ್ರಿಯಲ್ಲಿ ಅದು ಪಾದರಸದ 17.5 ಮಿಲಿಮೀಟರಿನಷ್ಟು, 30ರಲ್ಲಿ ಸುಮಾರು 32, 100ರಲ್ಲಿ 760. ಮದ್ಯಸಾರದ ಅಣುಗಳಿಗೆ ಪರಸ್ಪರ ಹಿಡಿತ ಕಡಿಮೆಯಾದ್ದರಿಂದ 20 ಡಿಗ್ರಿಯಲ್ಲಿಯೇ 44ರಷ್ಟಿರುತ್ತದೆ. ಸೂಜಿ ಚುಚ್ಚುವ ಮುನ್ನ ತೋಳಿಗೆ ಸವರಿದ ಸ್ಪಿರಿಟ್ ಕ್ಷಣದಲ್ಲಿ ಆರಿ ಚಳಿಗುಟ್ಟಿಸುವುದನ್ನು ಮಕ್ಕಳೆಲ್ಲರೂ ಬಲ್ಲರು.

“ಹಾಗಾದರೆ ಕುದಿಯುವುದೆಂದರೇನು, ಸಾರ್?” ಎಂದು ಗೀಟು ಎಳೆಸಿಕೊಂಡ ಹುಡುಗನೇ ಕೇಳಿದ.

ಯಲಹಂಕದ ಕೆರೆ ಬೇಸಿಗೆಯಲ್ಲಿ ತಗ್ಗುವುದು ಕುದಿಯದೆಯೇ. ಅಲ್ಲಿ ಆವಿ ಏಳುವುದು ಮೇಲ್ಮೈಯಿಂದ ಮಾತ್ರ. ಕುದಿಯುವಾಗ ನೀರಿನ ಒಡಲೊಳಗೇ ಆವಿಯ ಗುಳ್ಳೆಗಳು ಹುಟ್ಟುತ್ತವೆ. ಆವಿಯ ಒತ್ತಡವು ಹೊರಗಿನ ವಾಯುಭಾರಕ್ಕಿಂತ ಕಡಿಮೆಯಿರುವವರೆಗೆ ಅಂತಹ ಗುಳ್ಳೆ ಅದುಮಿ ಹೋಗುವುದು. ಸಮನಾದೊಡನೆ ಉಬ್ಬಿ ಮೇಲೇಳುವುದು. ಸಮುದ್ರಮಟ್ಟದಲ್ಲಿ ವಾಯುಭಾರ 760 ಮಿಲಿಮೀಟರ್. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ತಲೆಯ ಮೇಲಿನ ಗಾಳಿ ಅಷ್ಟರಮಟ್ಟಿಗೆ ಕಡಿಮೆ. ಇಲ್ಲಿಯ ವಾಯುಭಾರ ಸುಮಾರು 685. ಉಪಾಧ್ಯಾಯರು ಕೋಷ್ಟಕವನ್ನು ತೆರೆದು ಬೆರಳಿಟ್ಟು ತೋರಿಸಿದರು: 97 ಡಿಗ್ರಿಯ ಎದುರಿಗೆ ನೀರಿನ ಆವಿಯ ಒತ್ತಡ 682.

ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಮಂಗಳೂರಿನ ಕಡಲತಡಿಯಲ್ಲಿ ನೂರಕ್ಕೆ ಕುದಿಯುವ ನೀರು ನಂದಿಬೆಟ್ಟದ ತುದಿಯಲ್ಲಿ ತೊಂಬತ್ತೈದರ ಹತ್ತಿರವೇ ಕುದಿಯುವುದು. ಮುಚ್ಚಿದ ಕುಕ್ಕರಿನಲ್ಲಾದರೋ ಒಳಗಿನ ಒತ್ತಡ ಏರಿ ಕುದಿಬಿಂದು 120ರ ಸಮೀಪಕ್ಕೆ ಹೋಗುವುದು. ಬೇಳೆ ಬೇಗ ಬೇಯುವುದು ಅದರಿಂದಲೇ. ಪಠ್ಯಪುಸ್ತಕವೂ ತಪ್ಪು ಹೇಳಿರಲಿಲ್ಲ. ‘ಸಾಮಾನ್ಯ ವಾಯುಭಾರದಲ್ಲಿ’ ಎಂಬ ಎರಡು ಪದಗಳು ಅಲ್ಲಿದ್ದವು. ಬಾಯಿಪಾಠದಲ್ಲಿ ಮೊದಲು ಉದುರಿಹೋಗುವುದು ಅಂತಹ ಪದಗಳೇ.

ಉಪಾಧ್ಯಾಯರು ಆ ಹುಡುಗನ ಪುಸ್ತಕವನ್ನು ಕೇಳಿ ಪಡೆದರು. ಕೆಂಪು ಮಸಿ ಅಳಿಸುವಂತಿರಲಿಲ್ಲ. ಗೀಟಿನ ಪಕ್ಕದಲ್ಲಿ 97 ಎಂದು ತಾವೇ ಬರೆದು ರುಜು ಹಾಕಿದರು. ಬಳಿಕ ಉಳಿದವರ ಪುಸ್ತಕಗಳನ್ನೂ ತರಿಸಿಕೊಂಡು, ಒಲೆಯನ್ನು ಮತ್ತೆ ಹೊತ್ತಿಸಲು ಹೇಳಿದರು.