ಶಾಸ್ತ್ರದಾನವೂ ಖರೀದಿ ಸಮಿತಿಯೂ

ಆಹಾರ, ಅಭಯ, ಭೈಷಜ್ಯಗಳ ಜೊತೆಗೆ ಶಾಸ್ತ್ರವನ್ನೂ ದಾನದ ವಸ್ತುವಾಗಿ ಎಣಿಸಿದ್ದು ಜೈನ ಪರಂಪರೆಯ ಒಂದು ವಿಶೇಷ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿಯನ್ನು ಸಾಹಿತ್ಯ ಚರಿತ್ರೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಿರುತ್ತಾನೆ. ಆಕೆಯ ಆಶ್ರಯದಲ್ಲಿ ರನ್ನನು 993ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದುದೂ ಪರೀಕ್ಷೆಯ ಪ್ರಶ್ನೆಯೇ. ಆದರೆ ಸಾವಿರ ಪ್ರತಿ ಎಂಬ ಮಾತಿನ ಹಿಂದೆ ಇರಲೇಬೇಕಾದ ಒಂದು ಲೌಕಿಕ ವ್ಯವಹಾರವನ್ನು ಪಠ್ಯಪುಸ್ತಕಗಳು ವಿಚಾರಿಸುವುದಿಲ್ಲ. ಅಷ್ಟು ಗರಿಗಳನ್ನು ತರಿಸಿದವರು ಯಾರು? ಹದಮಾಡಿ, ಒಣಗಿಸಿ, ಸಮನಾಗಿ ಕತ್ತರಿಸಿ, ದಾರಕ್ಕೆ ತೂತು ಕೊರೆದ ಮೇಲೆ, ಈ ಕಟ್ಟು ನಡೆದೀತು, ಆ ಕಟ್ಟು ಸೀಳೀತು ಎಂದು ಆರಿಸಿದವರು ಯಾರು? ಕಂಠದ ಮೊನೆ ಎಷ್ಟು ಹರಿತವಾಗಿರಬೇಕೆಂಬುದನ್ನು ಲಿಪಿಕಾರನನ್ನು ಕೇಳಿ ನಿಶ್ಚಯಿಸಿದರೋ, ಕೇಳದೆಯೋ?

ಈ ಪ್ರಶ್ನೆಗಳು ಶಿಗ್ಗಾಂವಿ ತಾಲ್ಲೂಕಿನ ದುಂಡಸಿಯವರಾದ ಕನ್ನಡ ಅಧ್ಯಾಪಕರೊಬ್ಬರಿಗೆ ಹೊಳೆದದ್ದು ಗ್ರಂಥಾಲಯದಲ್ಲಲ್ಲ, ತಮ್ಮ ವಿಶ್ವವಿದ್ಯಾಲಯದ ಖರೀದಿ ಸಮಿತಿಯ ಸಭೆಯಲ್ಲಿ. ವಿಭಾಗಗಳ ಹಳೆಯ ಗಣಕಯಂತ್ರಗಳಲ್ಲಿದ್ದುದು ವಿಂಡೋಸ್ 10. ಅದಕ್ಕೆ ತಯಾರಕರು ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಯಂತ್ರಗಳಲ್ಲಿ ಬಹುಪಾಲಿಗೆ ಮುಂದಿನ ಆವೃತ್ತಿಯನ್ನು ತಾಳುವ ಯೋಗ್ಯತೆ ಇರಲಿಲ್ಲ. ಆದ್ದರಿಂದ ಬೋಧಕರಿಗೆಲ್ಲ ಲ್ಯಾಪ್‌ಟಾಪ್ ಕೊಡಿಸುವುದೆಂದು ತೀರ್ಮಾನವಾಗಿ, ಮಾನವಿಕ ವಿಭಾಗಗಳ ಪರವಾಗಿ ಇವರನ್ನು ಸಮಿತಿಗೆ ಹಾಕಲಾಗಿತ್ತು. ಅವರ ಕೈಗೆ ಬಂದ ನಮೂನೆಯಲ್ಲಿ ಸಂಸ್ಕಾರಕ, ಸ್ಮರಣೆ, ಸಂಗ್ರಹ, ಪರದೆ, ವಾರಂಟಿ, ದರ ಎಂಬ ಕಾಲಮುಗಳಿದ್ದವು. ಕನ್ನಡ ಎಂಬ ಕಾಲಮು ಇರಲಿಲ್ಲ.

ಅದನ್ನು ಸೇರಿಸಬೇಕೆಂದು ಅವರು ಹೇಳಿದಾಗ ಸ್ಟೋರಿನ ಗುಮಾಸ್ತ ಸಹಜವಾಗಿಯೇ ಕೇಳಿದ: “ಸರ, ಕನ್ನಡ ಈಗ ಎಲ್ಲಾದ್ರಾಗೂ ಬರ್ತೈತ್ರಿ. ಮೊಬೈಲಿನಾಗೂ ಬರ್ತೈತ್ರಿ. ಅದಕ್ಕ ಬ್ಯಾರೆ ಕಾಲಮ್ ಯಾಕ್ರಿ?”

“ಬರ್ತೈತಿ ತಮ್ಮಾ. ಯಾವ ಕನ್ನಡ ಬರ್ತೈತಿ ಅನ್ನೂದು ನೋಡಬೇಕಲ್ಲ.”

ಸಭೆ ನಕ್ಕಿತು. ಅಧ್ಯಾಪಕರೂ ನಕ್ಕರು. ಆದರೆ ಅವರ ಮನಸ್ಸಿನಲ್ಲಿ ಇದ್ದುದು ನಗೆಯ ವಿಷಯವಾಗಿರಲಿಲ್ಲ.

ಅವರಿಗೆ ಹಳಗನ್ನಡ ಕಲಿಸಿದ ಗುರುಗಳು ಒಂದು ಪುರಾಣದ ಎರಡು ಓಲೆಪ್ರತಿಗಳನ್ನು ಹೋಲಿಸಿ, ಪಾಠಾಂತರಗಳನ್ನು ಮೂರು ದಪ್ಪ ವಹಿಗಳಲ್ಲಿ ಬರೆದಿಟ್ಟಿದ್ದರು. ಗುರುಗಳ ಕೊನೆಗಾಲದಲ್ಲಿ ಶಿಷ್ಯರು ಅವನ್ನು ಪಡೆದು, ದುಂಡಸಿಯ ಮನೆಯಲ್ಲಿ ಕುಳಿತು, ಎರಡು ಬೇಸಿಗೆ ರಜೆಗಳಲ್ಲಿ ಬೆರಳಚ್ಚು ಮಾಡಿದರು. ವಹಿಗಳನ್ನು ಗುರುಗಳ ಮನೆಗೆ ಮರಳಿಸಿದರು. ಗುರುಗಳು ತೀರಿಕೊಂಡ ಮೇಲೆ ಆ ಮನೆ ಕೆಲವು ಮಳೆಗಾಲ ಬೀಗ ಹಾಕಿಕೊಂಡಿತು; ತೆರೆದಾಗ ಕಪಾಟಿನಲ್ಲಿ ಗೆದ್ದಲು ಮಣ್ಣಷ್ಟೇ ಉಳಿದಿತ್ತು. ಹೀಗಾಗಿ ಆ ಹೋಲಿಕೆಯ ಕೆಲಸಕ್ಕೆ ಇಂದು ಉಳಿದಿರುವ ಏಕೈಕ ಸಾಕ್ಷಿ ಶಿಷ್ಯರ ಹಳೆಯ ಯಂತ್ರದಲ್ಲಿದ್ದ ಕಡತ.

ಆ ಕಡತ ಯುನಿಕೋಡ್ ರೂಢಿಯಾಗುವುದಕ್ಕೆ ಮುಂಚಿನ ಪದ್ಧತಿಯದು. ಅಂದಿನ ಕನ್ನಡ ಫಾಂಟುಗಳಲ್ಲಿ ಅಕ್ಷರ ಎಂಬುದು ಅಕ್ಷರವಾಗಿ ಶೇಖರವಾಗುತ್ತಿರಲಿಲ್ಲ. ತಲೆಕಟ್ಟು, ಕೊಂಬು, ಒತ್ತು, ದೀರ್ಘ ಇವುಗಳ ಚಿತ್ರಗಳನ್ನು ಇಂಗ್ಲಿಷಿನ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳಿಗಾಗಿ ಮೀಸಲಾದ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ಆ ಫಾಂಟು ಇದ್ದರೆ ಕನ್ನಡ. ಇಲ್ಲದಿದ್ದರೆ ಯಾವ ಭಾಷೆಯೂ ಅಲ್ಲದ ಗೊಂದಲ. ಆ ಕಾಲಕ್ಕೆ ಅದೇ ದೊಡ್ಡ ಉಪಕಾರ. ‘ಬರಹ’ ಮತ್ತು ‘ನುಡಿ’ ತಂತ್ರಾಂಶಗಳು ಇರದಿದ್ದರೆ ಎಷ್ಟೋ ಪ್ರಬಂಧಗಳು ಅಚ್ಚಾಗುತ್ತಲೇ ಇರಲಿಲ್ಲ. ಯುನಿಕೋಡ್ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತಾದರೂ ಅದು ಕಾಲೇಜು ಕಚೇರಿಗಳ ಮೇಜಿಗೆ ಬರಲು ಬಹಳ ವರ್ಷ ಹಿಡಿಯಿತು.

ಇನ್ನೊಂದು ತೊಡಕಿತ್ತು. ಬೆರಳಚ್ಚು ಮಾಡುವಾಗ ೞಕಾರಕ್ಕೆ ಕೀಲಿ ಯಾವುದೆಂದು ತಿಳಿಯದೆ ಅಧ್ಯಾಪಕರು ಅದು ಬಂದಲ್ಲೆಲ್ಲ ಒಂದು ನಕ್ಷತ್ರ ಚಿಹ್ನೆ ಹಾಕುತ್ತ ಹೋಗಿದ್ದರು. ಕೊನೆಗೆ ಒಟ್ಟಿಗೆ ಬದಲಿಸಿದರಾಯಿತೆಂಬ ಧೈರ್ಯ. ಅಡಿಟಿಪ್ಪಣಿಗಳಿಗೂ ಗುರುಗಳು ನಕ್ಷತ್ರವನ್ನೇ ಬಳಸಿದ್ದರೆಂಬುದು ಆಗ ಅವರ ಲಕ್ಷ್ಯಕ್ಕೆ ಬರಲಿಲ್ಲ. ಈಗ ಪದದ ಕೊನೆಯಲ್ಲಿ ನಿಂತ ನಕ್ಷತ್ರ ಒಂದು ಅಕ್ಷರವೋ, ಟಿಪ್ಪಣಿಯ ಸೂಚನೆಯೋ ಎಂಬುದನ್ನು ಪ್ರತಿ ಸಲವೂ ಛಂದಸ್ಸು ಮತ್ತು ಅರ್ಥಗಳನ್ನು ಹಿಡಿದು ತೀರ್ಮಾನಿಸಬೇಕು.

ಇದು ಪಂಡಿತರ ಅತಿಸೂಕ್ಷ್ಮತೆ ಎಂದು ಗಣಕ ವಿಜ್ಞಾನದ ಸದಸ್ಯರಿಗೆ ತೋರಿರಬಹುದು. ಆದರೆ ಅಳಿ ಎಂದರೆ ದುಂಬಿ, ಅೞಿ ಎಂದರೆ ನಾಶವಾಗು. ಅರಿ ಎಂದರೆ ಕತ್ತರಿಸು, ಅಱಿ ಎಂದರೆ ತಿಳಿ. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ರೞ ಇರುವ ಪದಗಳನ್ನು ಪಟ್ಟಿಮಾಡಿ ಕೊಟ್ಟದ್ದು 13ನೆಯ ಶತಮಾನದಲ್ಲಿಯೇ ಅವುಗಳ ವ್ಯತ್ಯಾಸ ಬಾಯಿಂದ ಜಾರತೊಡಗಿದ್ದರಿಂದ. ಪ್ರತಿಯೊಂದರಲ್ಲಿ ೞಕಾರ ಸರಿಯಾಗಿ ಉಳಿದಿದೆಯೇ, ಳಕಾರವೋ ರೇಫವೋ ಆಗಿದೆಯೇ ಎಂಬುದರಿಂದ ಆ ಪ್ರತಿಯ ಕಾಲವನ್ನೂ ಲಿಪಿಕಾರನ ತಿಳಿವಳಿಕೆಯನ್ನೂ ಊಹಿಸುವುದು ಗ್ರಂಥಸಂಪಾದನೆಯ ಮೊದಲ ಪಾಠಗಳಲ್ಲೊಂದು. ಆ ಅಕ್ಷರವನ್ನು ಒಂದು ಚುಕ್ಕೆಗೆ ಇಳಿಸಿದರೆ ಸಾಕ್ಷಿಯ ನಾಲಿಗೆಯನ್ನೇ ಕತ್ತರಿಸಿದಂತೆ.

ಯುನಿಕೋಡ್ ಕೂಡ ಇಲ್ಲಿ ಎಡವಿದೆ ಎಂಬುದು ಸಾಹಿತ್ಯದ ಸಂಶೋಧಕರು ತಿಳಿದಿರಬೇಕಾದ ವಿನೋದ. ೞಕಾರಕ್ಕೆ ಅಲ್ಲಿ ಸ್ಥಾನವೇನೋ ಇದೆ. ಆದರೆ ಅದಕ್ಕೆ ದಾಖಲೆಯಲ್ಲಿ ಇಟ್ಟ ಹೆಸರು ‘ಫ’! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ ಇರುವುದರಿಂದ ತಪ್ಪು ಹಾಗೆಯೇ ಉಳಿದು, ಪಕ್ಕದಲ್ಲಿ ತಿದ್ದುಪಡಿಯ ಹೆಸರನ್ನು ಸೂಚಿಸಲಾಗಿದೆ. ಹಳಗನ್ನಡದ ನಕಾರಪೊಲ್ಲು ಪ್ರವೇಶ ಪಡೆದದ್ದಂತೂ 2021ರ 14ನೆಯ ಆವೃತ್ತಿಯಲ್ಲಿ. ಶಾಸನಗಳಲ್ಲಿ ಶತಮಾನಗಳ ಕಾಲ ಬಾಳಿದ ಚಿಹ್ನೆಗೆ ಯಂತ್ರದಲ್ಲಿ ಇನ್ನೂ ಬಾಲ್ಯ. ಸಂಕೇತದಲ್ಲಿ ಸ್ಥಾನ ಸಿಕ್ಕಮಾತ್ರಕ್ಕೆ ಪರದೆಯ ಮೇಲೆ ರೂಪ ಸಿಗುತ್ತದೆಂಬ ಭರವಸೆಯೂ ಇಲ್ಲ. ಫಾಂಟಿನಲ್ಲಿ ಅದರ ಚಿತ್ರ ಇರದಿದ್ದರೆ ಕಾಣುವುದು ಒಂದು ಖಾಲಿ ಚೌಕ.

ಆದ್ದರಿಂದ ಅಧ್ಯಾಪಕರು ಕಾಲಮನ್ನು ಪಟ್ಟುಹಿಡಿದು ಸೇರಿಸಿದರು. ಮಾದರಿಗೆಂದು ಬಂದ ಯಂತ್ರಗಳಲ್ಲಿ ಒಂದು ಪುಟ ಹಳಗನ್ನಡವನ್ನು, ೞ, ಱ, ಅರ್ಕಾವತ್ತು, ಮೂರು ವ್ಯಂಜನಗಳ ಒತ್ತು ಎಲ್ಲವೂ ಬರುವಂತೆ, ಬೆರಳಚ್ಚು ಮಾಡಿ, ಮುದ್ರಿಸಿ ತೋರಿಸಬೇಕೆಂಬುದು ಷರತ್ತು. ಕೀಲಿಮಣೆಯ ವಿನ್ಯಾಸದ ಬಗ್ಗೆ ಇನ್ನೊಂದು ವಾಗ್ವಾದ ನಡೆಯಿತು. ಯಂತ್ರದೊಂದಿಗೆ ಸಿದ್ಧವಾಗಿ ಬರುವ ಇನ್‌ಸ್ಕ್ರಿಪ್ಟ್ ವಿನ್ಯಾಸ ಭಾರತದ ಎಲ್ಲ ಲಿಪಿಗಳಿಗೂ ಒಂದೇ ಸೂತ್ರ ಹಾಕುವ ಚೊಕ್ಕ ಕಲ್ಪನೆ. ಆದರೆ ಕರ್ನಾಟಕದ ಕಚೇರಿ, ಕಾಲೇಜುಗಳ ಬೆರಳು ಪಳಗಿರುವುದು ಕೆ. ಪಿ. ರಾವ್ ಅವರ ಧ್ವನ್ಯಾತ್ಮಕ ವಿನ್ಯಾಸಕ್ಕೆ. ಇರುವ ಇಂಗ್ಲಿಷ್ ಕೀಲಿಗಳಲ್ಲಿಯೇ ಕನ್ನಡದ ಧ್ವನಿಗಳನ್ನು ಹೊಂದಿಸಿ, ಒತ್ತಕ್ಷರಕ್ಕೆ ‘ಎಫ್’ ಕೀಲಿಯನ್ನು ಕೊಂಡಿಯಾಗಿಸಿ, ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು ಅವರು. ತಾವು ಸಿದ್ಧಪಡಿಸಿದ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಪಂಡಿತರೊಬ್ಬರ ಹೆಸರಿಟ್ಟರು. ಶಾಸ್ತ್ರದಾನದ ಆಧುನಿಕ ಉದಾಹರಣೆ ಬೇಕಾದವರು ಇದನ್ನು ಧಾರಾಳವಾಗಿ ಬಳಸಬಹುದು. ಕೊನೆಗೆ ಎರಡೂ ವಿನ್ಯಾಸಗಳು ಇರಲೆಂದು ಬರೆಯಲಾಯಿತು. ಅದಕ್ಕೆ ಖರ್ಚೇನೂ ಇಲ್ಲವೆಂದು ತಿಳಿದಾಗ ಹಣಕಾಸು ಅಧಿಕಾರಿಗಳ ಮುಖ ಅರಳಿತು.

ಸಂಗ್ರಹದ ವಿಷಯದಲ್ಲಿ ಆ ಮುಖ ಮತ್ತೆ ಬಾಡಿತು. 256 ಜಿಬಿ ಸಾಕು, ಕನ್ನಡದವರು ಬರೀ ಬರವಣಿಗೆಯವರು ಎಂಬುದು ಸಾಮಾನ್ಯ ನಂಬಿಕೆ. ಅಧ್ಯಾಪಕರು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. 24 ಮೆಗಾಪಿಕ್ಸೆಲ್ಲಿನ ಒಂದು ಬಣ್ಣದ ಚಿತ್ರವನ್ನು ಕುಗ್ಗಿಸದೆ ಉಳಿಸಿದರೆ ಸುಮಾರು 72 ಎಂಬಿ. 200 ಗರಿಗಳ ಒಂದು ಕಟ್ಟಿಗೆ ಎರಡು ಬದಿಯಂತೆ 400 ಚಿತ್ರ. ಅಂದರೆ ಒಂದೇ ಗ್ರಂಥಕ್ಕೆ 29 ಜಿಬಿ ಸಮೀಪ. ವ್ಯವಸ್ಥೆಯ ತಂತ್ರಾಂಶ ಕೂತ ಮೇಲೆ ಉಳಿಯುವ ಜಾಗದಲ್ಲಿ ಆರು ಕಟ್ಟು ಇಟ್ಟರೆ ಯಂತ್ರ ತುಂಬಿತು. ಚಿತ್ರವನ್ನು ಕುಗ್ಗಿಸಬಹುದು, ನಿಜ. ಆದರೆ ಮಸಿ ಅಳಿಸಿಹೋದ ಗೀರನ್ನು ಹಿಗ್ಗಿಸಿ ಓದಬೇಕಾದಾಗ ಕುಗ್ಗಿಸಿದವನಿಗೇ ಶಾಪ ತಟ್ಟುತ್ತದೆ. 512ಕ್ಕೆ ಒಪ್ಪಿಗೆ ದೊರೆಯಿತು. ಪರದೆ 14 ಅಂಗುಲದ್ದು, ಬದಿಯಿಂದ ನೋಡಿದರೂ ಬಣ್ಣ ಕೆಡದಂಥದು ಎಂದಾಯಿತು. ಸ್ಮರಣೆಯ ಚರ್ಚೆ ಐದು ನಿಮಿಷದಲ್ಲಿ 16 ಜಿಬಿಗೆ ಮುಗಿಯಿತು.

ಬಿಡಿ ಉಪಕರಣಗಳ ಸರದಿ ಬಂದಾಗ ಅವರು ಲಿಪಿಕಾರರ ಸಾಕ್ಷ್ಯವನ್ನು ಮುಂದಿಟ್ಟರು. ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬೆನ್ನು ಮುರಿದು, ಸೊಂಟ ಬಾಗಿ, ಕತ್ತು ಸೋತು ಬರೆದದ್ದು ಇದು ಎಂದು ಹೇಳಿಕೊಳ್ಳುವುದು ಒಂದು ರೂಢಿ. ಎಣ್ಣೆಯಿಂದ, ನೀರಿನಿಂದ, ಸಡಿಲ ಕಟ್ಟಿನಿಂದ ಗ್ರಂಥವನ್ನು ಕಾಪಾಡಿ ಎಂಬ ಮೊರೆಯೂ ಅದರ ಜೊತೆಗೇ ಬರುತ್ತದೆ. ಇದಕ್ಕಿಂತ ಒಳ್ಳೆಯ ಬೇಡಿಕೆಪಟ್ಟಿ ಯಾವ ಕಚೇರಿಯಲ್ಲೂ ತಯಾರಾಗಲಾರದು. ಕತ್ತಿಗಾಗಿ ಯಂತ್ರವನ್ನು ಕಣ್ಣಿನ ಮಟ್ಟಕ್ಕೆ ಎತ್ತುವ ಆಸರೆ. ಹಾಗೆ ಎತ್ತಿದ ಮೇಲೆ ಕೈಗೆ ಎಟುಕುವಂತೆ ಬೇರೆ ಕೀಲಿಮಣೆ, ಮೌಸು. ನೀರಿಗಾಗಿ ಒಳಪದರವಿರುವ ಚೀಲ. ಸಡಿಲ ಕಟ್ಟಿಗಾಗಿ ಹೊರಗಿನ ಡಿಸ್ಕು, ಒಬ್ಬೊಬ್ಬರಿಗೆ ಎರಡು. ಏಕೆಂದರೆ ಒಂದೇ ಜಾಗದಲ್ಲಿರುವ ಪ್ರತಿ ಪ್ರತಿಯೇ ಅಲ್ಲ. ಅತ್ತಿಮಬ್ಬೆ ಸಾವಿರ ಮಾಡಿಸಿದ್ದಳು, ಎರಡಕ್ಕೆ ಜಿಪುಣತನ ಬೇಡ ಎಂದು ಅವರು ಹೇಳಿದ ಮಾತು ನಡಾವಳಿಯಲ್ಲಿ ದಾಖಲಾಗಲಿಲ್ಲ.

ಆ ನೆಲಕ್ಕೆ ಇಂಥ ಮಾತು ಹೊಸದೇನಲ್ಲ. ದುಂಡಸಿ ಇರುವ ತಾಲ್ಲೂಕಿನಲ್ಲಿಯೇ ಬಂಕಾಪುರವಿದೆ. ಗುಣಭದ್ರಾಚಾರ್ಯರ ‘ಉತ್ತರಪುರಾಣ’ಕ್ಕೆ ಶಕ 820ರಲ್ಲಿ ಪೂಜೆ ಸಂದದ್ದು ಅಲ್ಲಿ, ಲೋಕಾದಿತ್ಯನ ಆಳ್ವಿಕೆಯಲ್ಲಿ, ಮುಂದಿನ ಶತಮಾನದಲ್ಲಿ ಅಜಿತಸೇನ ಭಟ್ಟಾರಕರು ಇದ್ದದ್ದೂ, ಗಂಗ ಮಾರಸಿಂಹ ಅವರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡದ್ದೂ ಅಲ್ಲಿಯೇ. ಗ್ರಂಥ ಮುಗಿದಾಗ ಅದಕ್ಕೆ ಪೂಜೆ ಸಲ್ಲಿಸಿದ ಊರು ಅದು. ಇಂದು ಅದೇ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವಿದೆ. ಹಾಡುವವರ ದನಿಯನ್ನು ಹಿಡಿದಿಡುವುದೂ ಒಂದು ಬಗೆಯ ಪ್ರತಿ ಮಾಡುವ ಕೆಲಸ. ಮೈಕು, ಡಿಸ್ಕುಗಳ ಆಯ್ಕೆ ತಪ್ಪಿದರೆ ಆ ಕ್ಷೇತ್ರದಲ್ಲಿಯೂ ನಷ್ಟವಾಗುವುದು ತಿರುಗಿ ಸಿಗದ ವಸ್ತುವೇ.

ದರಪಟ್ಟಿಗಳು ತೆರೆದವು. ಕರ್ನಾಟಕದ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ತರಲು 1999ರಲ್ಲಿ ಮಾಡಿದ ಅಧಿನಿಯಮದ ಉದ್ದೇಶ ಒಳ್ಳೆಯದೇ; ಷರತ್ತು ಪೂರೈಸಿದವರಲ್ಲಿ ಕಡಿಮೆ ದರದವರಿಗೆ ಆದೇಶ ಹೋಗಬೇಕು. ಎಲ್ಲ ಭಾರವೂ ಬೀಳುವುದು ಷರತ್ತಿನ ಮೇಲೆ. ಷರತ್ತಿನಲ್ಲಿ ಬರೆಯದ ಅಕ್ಷರವನ್ನು ಆಮೇಲೆ ಯಾರಿಂದಲೂ ಕೇಳಲಾಗದು. ಅತಿ ಕಡಿಮೆ ದರದ ಮಾದರಿ ಹಳಗನ್ನಡದ ಪುಟದಲ್ಲಿ ಎರಡು ಕಡೆ ಖಾಲಿ ಚೌಕ ತೋರಿಸಿತು. ತಂದವರು ಒಪ್ಪಿಕೊಂಡು, ಅರ್ಧ ಗಂಟೆಯಲ್ಲಿ ಬೇರೆ ಫಾಂಟು ಹಾಕಿಸಿ ಸರಿಪಡಿಸಿದರು. ಅಷ್ಟು ಸುಲಭದ ಕೆಲಸಕ್ಕೆ ಇಷ್ಟು ಗಲಾಟೆಯೇ ಎಂದು ಯಾರೋ ಅಂದರು. ಸುಲಭವೇ ಹೌದು. ಕೇಳುವವರು ಇದ್ದರೆ.

ಬೆಳಗ್ಗೆ ಗುಮಾಸ್ತನೇ ಹೊಸ ಯಂತ್ರವನ್ನು ತಂದು ಮೇಜಿನ ಮೇಲಿಟ್ಟ. ಅಧ್ಯಾಪಕರು ಹಳೆಯ ಕಡತವನ್ನು ಅದರಲ್ಲಿ ತೆರೆದರು. ಯುರೋಪಿನ ಅಕ್ಷರಗಳ ಜಾತ್ರೆ. ಪರಿವರ್ತಕ ತಂತ್ರಾಂಶವನ್ನು ಓಡಿಸಿದ ಮೇಲೆ ಕನ್ನಡ ಮೂಡಿತು; ಕೆಲವು ಕಡೆ ಅರ್ಕಾವತ್ತು ಸ್ಥಾನ ತಪ್ಪಿತ್ತು, ಏಕೆಂದರೆ ಹಳೆಯ ಪದ್ಧತಿಯಲ್ಲಿ ಅದು ವ್ಯಂಜನದ ಹಿಂದೆ ಬರುತ್ತದೆ, ಯುನಿಕೋಡಿನಲ್ಲಿ ಮುಂದೆ. ನಕ್ಷತ್ರಗಳು ಇದ್ದಂತೆಯೇ ಇದ್ದವು. ಗುಮಾಸ್ತ ಬಗ್ಗಿ ನೋಡಿ, “ಇವೇನ್ರಿ ಸರ, ಚಿಕ್ಕಿ?” ಎಂದ. “ನನ್ನ ತಪ್ಪಪಾ ಅವು” ಎಂದರು ಅಧ್ಯಾಪಕರು.

ಎಣಿಸಿದಾಗ ಅವು ಎರಡು ಸಾವಿರಕ್ಕೂ ಮಿಕ್ಕಿದ್ದವು. ರಾತ್ರಿಗೆ ಇಪ್ಪತ್ತೈದು ಮೂವತ್ತರಂತೆ, ಪದ್ಯವನ್ನು ಬಾಯಲ್ಲಿ ಹೇಳಿಕೊಂಡು ಮಾತ್ರೆ ಎಣಿಸಿ, ನಿಘಂಟು ತೆರೆದು, ಅವರು ತಿದ್ದುತ್ತ ಹೋದರು. ದುಂಡಸಿಯಲ್ಲಿ ಕರೆಂಟು ಹೋದಾಗ ಬ್ಯಾಟರಿಯ ಮೇಲೆ ಕೆಲಸ ಸಾಗುತ್ತಿತ್ತು. 50 ವ್ಯಾಟ್-ಅವರಿಗಿಂತ ಕಡಿಮೆ ಇರಬಾರದೆಂದು ಬರೆಸಿದ್ದು ಅವರೇ. ಕೆಲವು ಕಡೆ ೞಕಾರವೂ ಹೊಂದುತ್ತದೆ, ಟಿಪ್ಪಣಿಯೂ ಹೊಂದುತ್ತದೆ. ಗುರುಗಳು ಇದ್ದಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಅಂಥ ಸ್ಥಳಗಳನ್ನು ಅವರು ತಿದ್ದದೆ, ಸಂದಿಗ್ಧವೆಂದು ಗುರುತು ಹಾಕಿ ಬಿಟ್ಟಿದ್ದಾರೆ. ಈವರೆಗೆ ಹಾಗೆ ಉಳಿದವು ನಲವತ್ತೊಂದು.

ಹೊರಗಿನ ಡಿಸ್ಕುಗಳನ್ನು ಆದೇಶದ ಕೊನೆಯ ಹಂತದಲ್ಲಿ, ಅನುದಾನ ಸಾಲದೆಂದು, ಪಟ್ಟಿಯಿಂದ ಹೊಡೆದುಹಾಕಲಾಗಿತ್ತು. ಅಧ್ಯಾಪಕರು ಹುಬ್ಬಳ್ಳಿಗೆ ಹೋಗಿ ತಮ್ಮ ಹಣದಿಂದ ಎರಡು ಕೊಂಡು ತಂದರು. ಒಂದು ದುಂಡಸಿಯ ಮನೆಯ ಕಬ್ಬಿಣದ ಟ್ರಂಕಿನಲ್ಲಿದೆ. ಇನ್ನೊಂದನ್ನು ಗ್ರಂಥಸಂಪಾದನೆಯಲ್ಲಿ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿಯೊಬ್ಬಳ ಕೈಗೆ ಕೊಟ್ಟು, ಆರು ತಿಂಗಳಿಗೊಮ್ಮೆ ತೆರೆದು ನೋಡಬೇಕೆಂದು ಹೇಳಿದ್ದಾರೆ.